ಫ್ರಂಟ್ ಲೋಡ್ ಮೆಷಿನ್, ಐದು ವರ್ಷದ ಬಳಕೆ ಮತ್ತು ಐಇ ಅನ್ನೋ ಕೋಡ್

ಧಾರವಾಡದಲ್ಲಿ ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. 2020ರ ದೀಪಾವಳಿಗೆ 7 ಕೆಜಿಯ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ತಂದೆವು. ನಾನು ಸ್ಟಾಫ್ ನರ್ಸ್, ಯೂನಿಫಾರ್ಮ್ ದಿನಾ ಒಗೆಯಲೇಬೇಕು. ಎರಡು ವರ್ಷದ ಹಿಂದೆ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಗಿನಿಂದ ದಿನಕ್ಕೆ ಎರಡು ಬೆಡ್‌ಶೀಟ್, ಎರಡು ನೈಟಿ, ಆಗಾಗ ಒಂದು ಕೌದಿ. ಮೆಷಿನ್ ಒಂದು ದಿನ ನಿಂತರೂ ನಮ್ಮ ಮನೆ ನಡೆಯುವುದಿಲ್ಲ. ಕಂಪನಿಯ ಹೆಸರು ಇಲ್ಲಿ ಬೇಡ. ನಾನು ಹೇಳಬೇಕಾದದ್ದು ಯಾವ ಕಂಪನಿಯ ಮೆಷಿನ್ ಇದ್ದವರಿಗೂ ಉಪಯೋಗಕ್ಕೆ ಬರುತ್ತದೆ.

ಒಗೆಯುವ ವಿಷಯದಲ್ಲಿ ದೂರಿಲ್ಲ. ನೀರು ಕಡಿಮೆ ಕುಡಿಯುತ್ತದೆ, ಹಿಂಡುವುದು ಚೆನ್ನಾಗಿದೆ, ಮಳೆಗಾಲದಲ್ಲೂ ಬೆಡ್‌ಶೀಟ್ ಒಂದು ರಾತ್ರಿಯಲ್ಲಿ ಫ್ಯಾನ್ ಕೆಳಗೆ ಒಣಗುತ್ತದೆ. ತೊಂದರೆ ಕೊಟ್ಟದ್ದು ಒಂದೇ, ಪರದೆಯ ಮೇಲೆ ಬರುವ ಐಇ ಅನ್ನೋ ಎರಡು ಅಕ್ಷರ.

ಮೊದಲ ಸಲ ಬಂದಾಗ ನನಗೆ ಅದರ ಅರ್ಥವೇ ಗೊತ್ತಿರಲಿಲ್ಲ. ಮೆಷಿನ್ ಬೀಪ್ ಬೀಪ್ ಅಂತ ಕೂಗಿ ನಿಂತಿತು. ಒಳಗೆ ಸೋಪು ಹಾಕಿದ ಬಟ್ಟೆ, ಬಾಗಿಲು ತೆರೆಯುತ್ತಿಲ್ಲ. ಒಳಗಿನ ಕೋಣೆಯಿಂದ ಅತ್ತೆ, "ಯಾಕವಾ, ಮಷೀನ್ ನಿಂತೈತೇನು?" ಅಂತ ಕೇಳಿದರು. ಸರ್ವಿಸ್‌ಗೆ ಫೋನ್ ಮಾಡಿದೆ. ಮೂರನೇ ದಿನ ಒಬ್ಬ ಹುಡುಗ ಬಂದ. ಹಿಂದೆ ಬಗ್ಗಿ ನೋಡಿ, "ಅಕ್ಕಾರ, ನೀರ ಒಳಗ ಬಿಡೂ ವಾಲ್ವ್ ಹೋಗೈತ್ರಿ. ಹೊಸಾದ ಹಾಕಬೇಕ್ರಿ" ಅಂದ. ವಾರಂಟಿ ಮುಗಿದಿತ್ತು. ಬಂದು ನೋಡಿದ್ದಕ್ಕೆ, ವಾಲ್ವ್‌ಗೆ, ಕೂಲಿಗೆ ಸೇರಿ 1,650 ರೂಪಾಯಿ ಕೊಟ್ಟೆ. ಹಳೇ ವಾಲ್ವ್ ಅವನೇ ಒಯ್ದ. ಮೆಷಿನ್ ಸರಿಯಾಯಿತು, ನಾನೂ ನಂಬಿದೆ.

ಎಂಟು ತಿಂಗಳಿಗೆ ಮತ್ತೆ ಐಇ.

ಎಂಟು ತಿಂಗಳಿಗೆ ಹೊಸ ವಾಲ್ವ್ ಹೇಗೆ ಹೋಗುತ್ತದೆ? ಅವತ್ತು ನೈಟ್ ಡ್ಯೂಟಿ ಮುಗಿಸಿ ಬಂದಿದ್ದೆ. ನಿದ್ದೆ ಬಿಟ್ಟು, ಕಪಾಟಿನಿಂದ ಮೆಷಿನ್‌ನ ಪುಸ್ತಕ ಹುಡುಕಿ ತೆಗೆದೆ. ಐಇ ಅಂದರೆ ಇಷ್ಟೇ: ಒಳಗೆ ಬರಬೇಕಾದಷ್ಟು ನೀರು, ಬರಬೇಕಾದ ಹೊತ್ತಿನೊಳಗೆ ಬಂದಿಲ್ಲ. ಬೇರೆ ಕಂಪನಿಗಳಲ್ಲಿ ಇದೇ ತೊಂದರೆಗೆ 4ಇ, 4ಸಿ, ಇ17 ಅಂತೆಲ್ಲ ತೋರಿಸುತ್ತದೆ. ಜ್ವರ ಬಂದಿದೆ ಅಂತ ಥರ್ಮಾಮೀಟರ್ ಹೇಳುತ್ತದೆ, ಯಾಕೆ ಬಂತು ಅಂತ ನಾವೇ ನೋಡಬೇಕಲ್ವಾ. ಕೋಡ್ ಕೂಡ ಹಾಗೇ.

ಮೊದಲು ಪ್ಲಗ್ ಕಿತ್ತೆ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಲೇಬೇಕು. ನಳ ಬಂದ್ ಮಾಡಿದೆ. ಮೆಷಿನ್ ಸ್ವಲ್ಪ ಮುಂದೆ ಎಳೆದು, ಹಿಂದೆ ನೀರಿನ ಪೈಪ್ ಸೇರುವ ಕಡೆ ಪ್ಲಾಸ್ಟಿಕ್ ನಟ್ ಕೈಯಿಂದಲೇ ತಿರುಗಿಸಿದೆ. ಪೈಪ್‌ನೊಳಗೆ ಉಳಿದ ನೀರು ಸುರಿಯುತ್ತದೆ, ಕೆಳಗೆ ಬಕೆಟ್ ಇಟ್ಟುಕೊಳ್ಳಿ. ಪೈಪ್ ತೆಗೆದ ಮೇಲೆ ಮೆಷಿನ್‌ನ ಬಾಯೊಳಗೆ ಟಾರ್ಚ್ ಬಿಟ್ಟರೆ ಹೆಬ್ಬೆರಳ ಉಗುರಿನಷ್ಟು ಒಂದು ಜಾಲರಿ ಕಾಣುತ್ತದೆ. ನಡುವೆ ಹಿಡಿದು ಎಳೆಯಲು ಚಿಕ್ಕ ಮೂಗು ಇರುತ್ತದೆ. ಚೂಪು ಮೂತಿಯ ಇಕ್ಕಳದಿಂದ ನಿಧಾನವಾಗಿ ಎಳೆದೆ. ಹೊರಗೆ ಬಂದದ್ದು ಜಾಲರಿಯೇ ಅಂತ ಗುರುತು ಸಿಗುತ್ತಿರಲಿಲ್ಲ. ಚಹಾ ಸೋಸಿದ ಮೇಲೆ ಉಳಿಯುವ ಗಸಿಯಂಥ ಕಂದು ಕೆಸರು, ಅದರ ಮೇಲೆ ಬಿಳಿ ಸುಣ್ಣದ ಪೊರೆ, ನಡುನಡುವೆ ಪ್ಲಂಬರ್ ಸುತ್ತುವ ಟೆಫ್ಲಾನ್ ಟೇಪಿನ ಚೂರು.

ಕೈಯಲ್ಲಿ ಅದನ್ನು ಹಿಡಿದು ನಿಂತಾಗಲೇ ಹೊಳೆಯಿತು. ಹೊಸ ವಾಲ್ವ್ ಹಾಕಿದಾಗ ಅದರ ಜೊತೆ ಹೊಸ ಜಾಲರಿಯೂ ಬಂದಿತ್ತು. ಮೆಷಿನ್ ಸರಿಹೋಗಿದ್ದು ಅದಕ್ಕೇ ಇರಬೇಕು. ಹಳೇ ವಾಲ್ವ್ ನನ್ನ ಹತ್ತಿರ ಇದ್ದಿದ್ದರೆ ಖಚಿತವಾಗುತ್ತಿತ್ತು. ನನಗೆ ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಆ ಮೂರು ದಿನ. ಡ್ಯೂಟಿಯಿಂದ ಬಂದು ಕೈಯಲ್ಲಿ ಕೌದಿ ಒಗೆದು, ಹಿಂಡಲಾರದೆ ಹಾಗೇ ಗೋಡೆ ಮೇಲೆ ಹಾಕಿದ್ದೆ. ಇನ್ನು ಮೇಲೆ ಯಾರೇ ಏನೇ ಬದಲಿ ಮಾಡಿದರೂ ಹಳೇ ಸಾಮಾನು ನಮ್ಮ ಕೈಗೆ ಕೊಡಬೇಕು ಅಂತ ಮೊದಲೇ ಹೇಳುತ್ತೇನೆ. ನೀವೂ ಹೇಳಿ.

ಜಾಲರಿಯನ್ನು ಅರ್ಧ ತಾಸು ನಿಂಬೆರಸದಲ್ಲಿ ನೆನೆಸಿಟ್ಟು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ಸುಣ್ಣ ಬಿಟ್ಟುಕೊಂಡಿತು. ವಾಪಸ್ ಕೂರಿಸಿ, ಪೈಪ್‌ನೊಳಗಿನ ರಬ್ಬರ್ ವಾಷರ್ ನೋಡಿ, ನಟ್ ಕೈಯಿಂದಲೇ ಬಿಗಿ ಮಾಡಿದೆ. ಪಾನಾ ಹಾಕಿದರೆ ಪ್ಲಾಸ್ಟಿಕ್ ನಟ್ ಸೀಳುತ್ತದೆ. ನಳ ಬಿಟ್ಟು ಸೋರುತ್ತದೋ ಇಲ್ಲವೋ ನೋಡಿ, ಆಮೇಲೆ ಪ್ಲಗ್. ಎಲ್ಲ ಸೇರಿ ಒಂದು ತಾಸು.

ಅಲ್ಲಿಗೂ ಪೂರ್ತಿ ಮುಗಿಯಲಿಲ್ಲ. ಜಾಲರಿ ಸ್ವಚ್ಛ ಇದ್ದರೂ ಎರಡು ಸಲ ಐಇ ಬಂತು. ಎರಡೂ ಸಲ ನಳದ ನೀರು ಬರುವ ಹಿಂದಿನ ದಿನ. ನಮ್ಮ ಊರಿಗೆ ಸವದತ್ತಿ ಹತ್ತಿರದ ಮಲಪ್ರಭಾ ಅಣೆಕಟ್ಟಿನ ನೀರು. ನಮ್ಮ ಓಣಿಗೆ ಅದು ವಾರಕ್ಕೊಮ್ಮೆ ಬರುತ್ತದೆ, ಅಷ್ಟರಲ್ಲಿ ಮೇಲಿನ ಟ್ಯಾಂಕ್ ತಳ ಕಂಡಿರುತ್ತದೆ. ಪುಸ್ತಕದಲ್ಲಿ ಕನಿಷ್ಠ 0.3 ಬಾರ್ ಒತ್ತಡ ಬೇಕು ಅಂತಿದೆ. 10 ಮೀಟರ್ ಎತ್ತರದ ನೀರು ಅಂದರೆ ಹತ್ತಿರ ಹತ್ತಿರ 1 ಬಾರ್. ಅಂದರೆ ನಮಗೆ ಬೇಕಾದದ್ದು 3 ಮೀಟರ್, ಸುಮಾರು ಹತ್ತು ಅಡಿ. ಮಗ ಟೇಪ್ ಹಿಡಿದು ಅಳೆದ. ಮೆಷಿನ್‌ನ ನಳದಿಂದ ತುಂಬಿದ ಟ್ಯಾಂಕ್‌ನ ನೀರಿನ ಮಟ್ಟಕ್ಕೆ 11 ಅಡಿ, ತಳಕ್ಕೆ 8 ಅಡಿ. ಟ್ಯಾಂಕ್ ನೆತ್ತಿಯ ಮೇಲೇ ಇರುವ ಮನೆಗಳಲ್ಲಿ ಇದೇ ತೊಂದರೆ. ನೆಲಮಹಡಿಯಲ್ಲಿರುವ ಮಾಲೀಕರ ಮೆಷಿನ್‌ಗೆ ಈ ಕೋಡ್ ಯಾವತ್ತೂ ಬಂದಿಲ್ಲ. ಈಗ ಕೌದಿ, ಚಾದರ ಎಲ್ಲ ಟ್ಯಾಂಕ್ ತುಂಬಿದ ದಿನವೇ ಹಾಕುತ್ತೇನೆ.

ಸುಭಾಸ ರಸ್ತೆಯ ಹಾರ್ಡ್‌ವೇರ್ ಅಂಗಡಿಯಿಂದ ನಳಕ್ಕೆ ಹಾಕುವ ಫಿಲ್ಟರ್ ಕೂಡ ತಂದೆ. ಮೊದಲು ತಂದದ್ದು ಒಳಗೆ ದಪ್ಪ ನೂಲಿನ ಉರುಳೆ ಇರುವಂಥದ್ದು. ಕೆಸರು ಚೆನ್ನಾಗಿ ಹಿಡಿಯಿತು, ಆದರೆ ನೀರಿನ ಒತ್ತಡವನ್ನೂ ತಿಂದಿತು. ಅವತ್ತು ಸಂಜೆಯೇ ಐಇ. ಅಂಗಡಿಯವರು ಬೇಸರ ಮಾಡದೆ ವಾಪಸ್ ತೆಗೆದುಕೊಂಡು, ಬಿಚ್ಚಿ ತೊಳೆಯುವ ಸ್ಟೀಲ್ ಜಾಲರಿಯದು ಕೊಟ್ಟರು. 280 ರೂಪಾಯಿ. ಒತ್ತಡ ಕಡಿಮೆ ಇರುವ ಮನೆಗೆ ಇದೇ ಸರಿ. ತಿಂಗಳಿಗೊಮ್ಮೆ ತೊಳೆದರೆ ಆಯಿತು.

ಉಳಿದ ಕೋಡ್‌ಗಳಲ್ಲಿ ಓಇ ಒಮ್ಮೆ ಬಂತು, ನೀರು ಹೊರಗೆ ಹೋಗುತ್ತಿಲ್ಲ ಅಂತ. ಮುಂದೆ ಕೆಳಗಿನ ಚಿಕ್ಕ ಮುಚ್ಚಳ ತೆಗೆದು, ಸಣ್ಣ ಪೈಪ್‌ನಿಂದ ನೀರು ಬಸಿದು, ಫಿಲ್ಟರ್ ತಿರುಗಿಸಿದರೆ ನನ್ನ ಯೂನಿಫಾರ್ಮ್‌ನ ಗುಂಡಿ, ಎರಡು ಹೇರ್‌ಪಿನ್. ಯುಇ ಬಂದರೆ ಕೌದಿ ಒಂದೇ ಕಡೆ ಮುದ್ದೆಯಾಗಿದೆ ಅಂತ ಅರ್ಥ, ಬಿಡಿಸಿ ಹಾಕಿದರೆ ಸಾಕು. ಮೋಟಾರ್, ಹೀಟರ್, ಬೋರ್ಡ್‌ನ ಕೋಡ್ ಬಂದರೆ ಅಥವಾ ಸುಟ್ಟ ವಾಸನೆ ಬಂದರೆ ನಾನು ಕೈ ಹಾಕುವುದಿಲ್ಲ, ಮೆಕ್ಯಾನಿಕ್‌ನನ್ನೇ ಕರೆಯುತ್ತೇನೆ.

ಮೆಷಿನ್ ತಗೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ. ಆದರೆ ಆ ಪುಸ್ತಕ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇದೆ. ಕೋಡ್‌ನ ಪುಟ ಕೊನೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿದೆ. ಕರ್ನಾಟಕದಲ್ಲಿ ಮಾರುವ ಮೆಷಿನ್‌ಗೆ ಕನ್ನಡದ ಎರಡು ಪುಟ ಕೊಡುವುದು ದೊಡ್ಡ ಕೆಲಸವಾ? ಹಗಲು ಅತ್ತೆಯನ್ನು ನೋಡಿಕೊಳ್ಳಲು ಬರುವ ಕೆಲಸದವಳಿಗೆ ಕನ್ನಡ ಚೆನ್ನಾಗಿ ಓದಲು ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಮೆಷಿನ್ ಹತ್ತಿರ ಹಗಲೆಲ್ಲ ಇರುವವಳು ಅವಳೇ.

ಅದಕ್ಕೆ ನಾನೇ ದಪ್ಪ ಅಕ್ಷರದಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಸಿ ಮೆಷಿನ್ ಪಕ್ಕಕ್ಕೆ ಅಂಟಿಸಿದೆ. ಪ್ಲಗ್ ಕೀಳು, ನಳ ಬಂದ್ ಮಾಡು, ಟ್ಯಾಂಕ್ ನೋಡು, ಜಾಲರಿ ತೊಳೆ. ಹೋದ ಮಂಗಳವಾರ ವಾರ್ಡಿನಲ್ಲಿದ್ದಾಗ ಅವಳ ಫೋನ್ ಬಂತು. "ಅಕ್ಕಾರ, ಐಇ ಬಂದಿತ್ರಿ. ಜಾಲರಿ ತೊಳದ ಹಾಕೇನ್ರಿ, ಮಷೀನ್ ಚಾಲೂ ಆಗೈತ್ರಿ."