400 ಫಾರಂ ತುಂಬಿತು, ಅರ್ಧ ಮಂಡ್ಯ ಬಿಟ್ಟೇ ಹೋಯಿತು

ಸರ್ವೆ ಮಾಡಿಸಲು ಹೊರಟಿರುವವರು ಏಜೆನ್ಸಿಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನೊಮ್ಮೆ ಓದಿ. ನಾವು ಕೊಟ್ಟು ಕೆಟ್ಟೆವು.

ನಮ್ಮದು ಸಣ್ಣ ಗುಂಪು. ಮಂಡ್ಯ ಜಿಲ್ಲೆಯ ಹಳ್ಳಿ ಜನ ಏನನ್ನು ಉಳಿಸಿಕೊಳ್ಳಬೇಕು ಅನ್ನುತ್ತಾರೆ? ಕೆರೆಯೋ, ಗೋಮಾಳವೋ, ಮಕ್ಕಳು ಊರಲ್ಲೇ ಇರುವುದೋ? ಅದಕ್ಕಾಗಿ ಕಬ್ಬು ಬಿಡಲು ತಯಾರಿದ್ದಾರಾ? ಇಷ್ಟು ತಿಳಿಯಬೇಕಿತ್ತು. ಮೈಸೂರಿನ ಒಂದು ಏಜೆನ್ಸಿಯವರು, "400 ಜನ ಸಾಕು ಸಾರ್, ಎಲ್ಲಾ ಪುಸ್ತಕದಲ್ಲೂ ಹಂಗೇ ಇದೆ" ಅಂದರು.

ಸುಳ್ಳಲ್ಲ. ಶೇ. 95ರ ಭರವಸೆ, ಶೇ. 5ರಷ್ಟು ಆಚೀಚೆ, ಅಂದರೆ ನೂರು ಸಲ ಸರ್ವೆ ಮಾಡಿದರೆ ಸುಮಾರು 95 ಸಲ ಉತ್ತರ ನಿಜಕ್ಕಿಂತ ಶೇ. 5ರೊಳಗೇ ಆಚೀಚೆ ಇರಬೇಕು ಅಂದರೆ, 385 ಜನ ಅಂತ ಲೆಕ್ಕ ಬರುತ್ತದೆ. ಆದರೆ ಅದು ಇಡೀ ಜಿಲ್ಲೆಯಿಂದ ಒಬ್ಬೊಬ್ಬರನ್ನೇ ಚೀಟಿ ಎತ್ತಿ ಆರಿಸಿದಾಗಿನ ಲೆಕ್ಕ. ಇವರು ಮಾಡಿದ್ದು 16 ಊರು, ಊರಿಗೆ 25 ಜನ. ಒಂದೇ ತೂಬಿನ ನೀರಿಗೆ ಕಾಯುವವರ ಉತ್ತರ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ, ಅಲ್ವಾ? ಆ ಹೋಲಿಕೆಯನ್ನು 0.1 ಅಂತಿಟ್ಟುಕೊಳ್ಳಿ (0 ಅಂದರೆ ಹೋಲಿಕೆಯೇ ಇಲ್ಲ, 1 ಅಂದರೆ ಊರಿನವರೆಲ್ಲರದೂ ಒಂದೇ ಉತ್ತರ). ಒಬ್ಬರ ಜೊತೆಗೆ ಅದೇ ಊರಿನ ಇನ್ನೂ 24 ಜನ, ಹಾಗಾಗಿ 1 + 24 × 0.1 ಅಂದರೆ 3.4. 400ನ್ನು ಅದರಿಂದ ಭಾಗಿಸಿದರೆ ಒಬ್ಬೊಬ್ಬರನ್ನೇ ಚೀಟಿ ಎತ್ತಿ ಆರಿಸಿದ ಸುಮಾರು 118 ಜನರ ಬೆಲೆಯಷ್ಟೇ. ಅದೇ 50 ಊರಿಗೆ ಹೋಗಿ 8 ಜನರಂತೆ ಕೇಳಿದ್ದರೆ 235ರ ಬೆಲೆ ಬರುತ್ತಿತ್ತು. ಓಡಾಟದ ಖರ್ಚು ಜಾಸ್ತಿ, ಅದಕ್ಕೇ ಆ ಮಾತೇ ಎತ್ತಲಿಲ್ಲ.

ಇನ್ನೂ ದೊಡ್ಡ ಏಟು ಆಮೇಲೆ ಗೊತ್ತಾಯಿತು. ನೀರಿನ ಪ್ರಶ್ನೆಗೆ ಫಾರಂ ಮೇಲೆ ಫಾರಂ "ಕನ್ನಂಬಾಡಿ ತುಂಬಿದರೆ ಸಾಕು" ಅನ್ನುತ್ತಿತ್ತು. ನಾನು ನಾಗಮಂಗಲದ ಕಡೆಯವನು. ಮಳೆ ನಂಬಿ ರಾಗಿ ಬಿತ್ತುವ ನಮ್ಮೂರಿನವರಿಗೆ ಕಟ್ಟೆ ತುಂಬಿ 124.80 ಅಡಿ ಮುಟ್ಟಿದ್ದು ಪೇಪರ್ ಸುದ್ದಿ, ಅಷ್ಟೇ. ಬೋರ್‌ವೆಲ್ ಬತ್ತಿದ್ದೇ ಸಂಕಟ. ಊರುಗಳ ಹೆಸರು ತೆಗೆಸಿ ನೋಡಿದೆ. ಹದಿನಾರೂ ಕನ್ನಂಬಾಡಿ ನೀರು ಹರಿಯುವ ವಿಶ್ವೇಶ್ವರಯ್ಯ ನಾಲೆಯ ಅಂಚಿನವೇ! ನಾಲೆಯ ಕೊನೆ ಭಾಗದ ಊರು ಒಂದೂ ಇಲ್ಲ.

ಜನರ ಪಟ್ಟಿ ತಂದಿದ್ದು ಹಾಲಿನ ಡೇರಿಯಿಂದ. ಹಸು ಇಲ್ಲದ ಕೂಲಿಯವರು ಅಲ್ಲೇ ಬಿಟ್ಟುಹೋದರು. ಹೆಂಗಸರ ಹೆಸರಿನ ಫಾರಂಗಳಲ್ಲಿ ಎಷ್ಟೋ ಕಡೆ ಉತ್ತರ ಹೇಳಿದ್ದು ಗಂಡ.

ಜಗಳಕ್ಕೆ ಹೋದರೆ, "ಇನ್ನೂ 200 ಫಾರಂ ಮಾಡ್ಕೊಡ್ತೀವಿ ಸಾರ್, ಚಾರ್ಜ್ ಬೇರೆ" ಅಂದರು. ಅವೇ ಊರುಗಳಲ್ಲಿ. ಪಟ್ಟಿಯೇ ತಪ್ಪಾಗಿದ್ದರೆ ಎಷ್ಟು ಜನರನ್ನು ಕೇಳಿದರೂ ಅಷ್ಟೇ. 1936ರಲ್ಲಿ ಅಮೆರಿಕದ ಒಂದು ಪತ್ರಿಕೆ 20 ಲಕ್ಷಕ್ಕೂ ಜಾಸ್ತಿ ಉತ್ತರ ತರಿಸಿಕೊಂಡು ಅಧ್ಯಕ್ಷರ ಚುನಾವಣೆಯಲ್ಲಿ ರೂಸ್‌ವೆಲ್ಟ್ ಸೋಲುತ್ತಾರೆ ಅಂತ ಬರೆದಿತ್ತು. ಅವರು ಭರ್ಜರಿಯಾಗಿ ಗೆದ್ದರು. ಪತ್ರಿಕೆ ಹೆಸರು ಹೆಕ್ಕಿದ್ದು ಹೆಚ್ಚಾಗಿ ಫೋನು, ಕಾರು ಇದ್ದವರ ಪಟ್ಟಿಗಳಿಂದ. ನಮ್ಮದು ಡೇರಿ ಪಟ್ಟಿ.

ಹಾಗಾಗಿ "ಎಷ್ಟು ಜನ" ಅಂತ ಆಮೇಲೆ ಕೇಳಿ. ಮೊದಲು ಊರುಗಳನ್ನು ಹೇಗೆ ಆರಿಸುತ್ತೀರಿ ಅಂತ ಕೇಳಿ. ನಾವೀಗ ಜನಗಣತಿಯ ಊರಪಟ್ಟಿ ಹಿಡಿದು ನಾಲೆಯ ಮೇಲ್ಭಾಗ, ಕೊನೆ ಭಾಗ, ಮಳೆ ಆಸರೆ ಅಂತ ಬೇರೆ ಮಾಡಿ, ಮೂರರಿಂದಲೂ ಚೀಟಿ ಎತ್ತುತ್ತಿದ್ದೇವೆ. ಹೆಸರು ಮತದಾರರ ಪಟ್ಟಿಯಿಂದ. ಚೀಟಿಯಲ್ಲಿ ಬಂದವರು ಗದ್ದೆಗೆ ಹೋಗಿದ್ದರೆ ಪಕ್ಕದ ಮನೆಯವರನ್ನು ಕೇಳುವ ಹಾಗಿಲ್ಲ, ಸಂಜೆ ಮತ್ತೆ ಹೋಗಬೇಕು. ಕೆಲಸ ನಿಧಾನ. ಅಡ್ವಾನ್ಸ್ ಇನ್ನೂ ವಾಪಸ್ ಬಂದಿಲ್ಲ.