ಬಚ್ಚಲ ಮೋರಿಗೆ ಸಿಲಿಕೋನ್ ಕವಾಟ: ನಾಲ್ಕು ತಿಂಗಳ ಬಳಕೆಯ ಅನುಭವ

ಮೇ ತಿಂಗಳಿಡೀ ಕುಂದಾಪುರದಲ್ಲಿ ಕಳೆದು ಬಂದು ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ಮನೆಯ ಬೀಗ ತೆಗೆದಾಗ, ಬಚ್ಚಲುಮನೆಯಿಂದ ಹೊರಟ ಕೊಳೆತ ಮೊಟ್ಟೆಯಂಥ ವಾಸನೆ ಅಡುಗೆಮನೆಯವರೆಗೂ ಹಬ್ಬಿತ್ತು. ಫಿನಾಯಿಲ್ ಸುರಿದೆವು, ಜಾಲರಿಯ ಮೇಲೆ ನುಸಿಗುಳಿಗೆ ಇಟ್ಟೆವು, ಗೋಡೆಗೆ ಸುಗಂಧದ ಪೊಟ್ಟಣವನ್ನೂ ತೂಗುಹಾಕಿದೆವು. ಮಲ್ಲಿಗೆಯೂ ಮೋರಿಯೂ ಬೆರೆತ ಮೂರನೆಯ ವಾಸನೆಯೊಂದು ಹುಟ್ಟಿತೇ ಹೊರತು ಮೊದಲಿನದು ಹೋಗಲಿಲ್ಲ. ಆ ಆತುರದಲ್ಲಿ ಬ್ಲೀಚಿಂಗ್ ಪೌಡರನ್ನೂ ಕಕ್ಕಸು ತೊಳೆಯುವ ಆಸಿಡ್ಡನ್ನೂ ಒಟ್ಟಿಗೆ ಸುರಿಯಲು ಹೊರಟಿದ್ದ ಮಗನನ್ನು ತಡೆಯಬೇಕಾಯಿತು, ಏಕೆಂದರೆ ಅವೆರಡೂ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.

ನಿಜವಾದ ಕಾರಣವನ್ನು ತಿಳಿಸಿದವರು ಪ್ಲಂಬರ್. ಜಾಲರಿಯ ಕೆಳಗೆ, ಇಲ್ಲಿನ ಕೆಲಸಗಾರರು ನಹಾಣಿ ಟ್ರ್ಯಾಪ್ ಎನ್ನುವ ಭಾಗದಲ್ಲಿ ಸದಾ ನೀರು ನಿಂತಿರಬೇಕು. ಸುಮಾರು 50 ಮಿಲಿಮೀಟರ್ ಆಳದ ಆ ನೀರೇ ಚರಂಡಿಯ ಹೈಡ್ರೋಜನ್ ಸಲ್ಫೈಡ್ ಎಂಬ, ಕೊಳೆತ ಮೊಟ್ಟೆಯ ವಾಸನೆಯ ಅನಿಲ ಮೇಲೆ ಬಾರದಂತೆ ತಡೆಯುತ್ತದೆ. ತಿಂಗಳುಗಟ್ಟಲೆ ಬಳಕೆಯಿಲ್ಲದಿದ್ದರೆ ಅದು ಆರಿಹೋಗುತ್ತದೆ. ಹಾಗಿದ್ದರೆ ಒಂದು ಬಕೆಟ್ ನೀರು ಹೊಯ್ದರೆ ಮುಗಿಯಿತಲ್ಲವೇ ಎಂದುಕೊಂಡೆವು, ಮುಗಿಯಲೂ ಮುಗಿಯಿತು, ಆದರೆ ಮರುದಿನ ಬೆಳಗಿನವರೆಗೆ ಮಾತ್ರ. ನಮ್ಮ ಹಳೆಯ ಕಟ್ಟಡದಲ್ಲಿ ನಾಲ್ಕು ಮಹಡಿಗಳಿಗೂ ಒಂದೇ ಕೊಳವೆ ಇರುವುದರಿಂದ, ಮೇಲಿನವರು ಒಮ್ಮೆಗೇ ನೀರು ಬಿಟ್ಟಾಗ ಅದರ ಸೆಳೆತಕ್ಕೆ ನಮ್ಮ ಟ್ರ್ಯಾಪಿನ ನೀರೂ ಗೊಳಗೊಳನೆ ಸದ್ದು ಮಾಡುತ್ತ ಇಳಿದುಹೋಗುತ್ತಿತ್ತು.

ಆಗ ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಿಂದ ತಂದದ್ದು ಹೆಸರಿಲ್ಲದ ಒಂದು ಸಿಲಿಕೋನ್ ಕವಾಟ, ಬೆಲೆ 180 ರೂಪಾಯಿ. ಜಾಲರಿಯನ್ನು ಎತ್ತಿ ಕೊಳವೆಯ ಬಾಯಿಗೆ ಇದನ್ನು ಕೂರಿಸಿದರೆ, ಕೆಳಗಿನ ಮೆತ್ತನೆಯ ತುಟಿಗಳು ನೀರಿನ ಭಾರಕ್ಕೆ ತೆರೆದು, ನೀರು ಇಳಿದ ಮೇಲೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಮೊದಲು ತಂದದ್ದು ನಾಲ್ಕು ಇಂಚಿನ ಕೊಳವೆಯದಾಗಿದ್ದು ನಮ್ಮ ಮೂರು ಇಂಚಿನ ಬಾಯಿಗೆ ಕೂರದೆ, ಅಳತೆ ಹಿಡಿದುಕೊಂಡು ಮತ್ತೆ ಅಂಗಡಿಗೆ ಹೋಗಬೇಕಾಯಿತು. ಸರಿಯಾದದ್ದನ್ನು ಹಾಕಿದ ಎರಡನೆಯ ದಿನದಿಂದ ವಾಸನೆ ನಿಂತಿತು. ರಾತ್ರಿ ಮೋರಿಯಿಂದ ಮೇಲೇರುತ್ತಿದ್ದ ಜಿರಲೆಗಳೂ ಕಡಿಮೆಯಾದದ್ದು ಅನಿರೀಕ್ಷಿತ ಲಾಭ. ಚೌತಿಗೆಂದು ಐದು ದಿನ ಊರಿಗೆ ಹೋಗಿ ಬಂದಾಗಲೂ ತೊಂದರೆಯಾಗಲಿಲ್ಲ.

ದೋಷಗಳೂ ಇವೆ. ತಲೆಗೂದಲು ಮತ್ತು ಸಾಬೂನಿನ ಲೋಳೆ ತುಟಿಗಳ ನಡುವೆ ಸಿಕ್ಕಿಕೊಂಡರೆ ಅವು ಪೂರ್ತಿ ಮುಚ್ಚುವುದಿಲ್ಲ, ಆದ್ದರಿಂದ ವಾರಕ್ಕೊಮ್ಮೆ ಹೊರತೆಗೆದು ತೊಳೆಯಲೇಬೇಕು. ಈ ಕೆಲಸಕ್ಕೆ ನಮ್ಮ ಮನೆಯಲ್ಲಿ ಯಾರೂ ಮುಂದೆ ಬರುವುದಿಲ್ಲ. ನೀರು ಇಳಿಯುವ ವೇಗವೂ ತುಸು ತಗ್ಗಿದ್ದು, ಬಕೆಟ್ಟನ್ನು ಒಮ್ಮೆಗೇ ಬೋರಲು ಹಾಕಿದರೆ ಕಾಲಬುಡದಲ್ಲಿ ಕೆಲಹೊತ್ತು ನೀರು ನಿಲ್ಲುತ್ತದೆ. ಮಳೆಗಾಲದ ಮುಗ್ಗಲು ವಾಸನೆಗೆ ಇದು ಮದ್ದಲ್ಲ, ಅದಕ್ಕೆ ಎಕ್ಸಾಸ್ಟ್ ಫ್ಯಾನೇ ಬೇಕು. ಆದರೂ ಸುಗಂಧದ ಪೊಟ್ಟಣಗಳಿಗೆ ತಿಂಗಳು ತಿಂಗಳು ಕೊಡುತ್ತಿದ್ದ ಹಣ ಉಳಿದಿರುವುದರಿಂದ, ಕಕ್ಕಸಿನ ನೆಲದ ಮೋರಿಗೂ ಇಂಥದ್ದೇ ಇನ್ನೊಂದನ್ನು, ಈ ಬಾರಿ ಅಳತೆ ತೆಗೆದುಕೊಂಡೇ ಹೋಗಿ, ಕಳೆದ ವಾರ ತಂದಿದ್ದೇನೆ.