ವೇಷ ಹಾಕಿದ ಗಡ್ಡೆಗಳ ಸ್ಲೈಡ್ ಸಂಗ್ರಹ: ಚಂದಾ ಕಟ್ಟಬಹುದಾ?

ನಾನು ಪ್ಯಾಥಾಲಜಿಸ್ಟ್. ನನ್ನ ಮೇಜಿಗೆ ತಲೆ ಮತ್ತು ಕತ್ತಿನ ಬಯಾಪ್ಸಿಗಳೇ ಜಾಸ್ತಿ ಬರುತ್ತವೆ. ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ) ವೈರಸ್‌ನಿಂದ ಬರುವ ಕ್ಯಾನ್ಸರ್‌ಗಳ ಅಪರೂಪದ ರೂಪಗಳನ್ನೇ ಆರಿಸಿ ಇಟ್ಟಿರುವ ಆನ್‌ಲೈನ್ ಸ್ಲೈಡ್ ಸಂಗ್ರಹವೊಂದಕ್ಕೆ ವರ್ಷದ ಚಂದಾ ಕಟ್ಟಿದ್ದೆ. ಅದು ಮುಗಿಯುತ್ತಾ ಬಂತು. ಚೆನ್ನಾಗಿದೆಯಾ ಅಂತ ಸಹೋದ್ಯೋಗಿಗಳು ಕೇಳುತ್ತಿದ್ದಾರೆ.

ಇಷ್ಟವಾದದ್ದನ್ನು ಮೊದಲು ಹೇಳುತ್ತೇನೆ. ಕೇಸ್ ತೆರೆದರೆ ರೋಗದ ಹೆಸರು ಕಾಣುವುದಿಲ್ಲ. ವಯಸ್ಸು, ಗಡ್ಡೆ ಇರುವ ಜಾಗ, ಎಚ್ ಆಂಡ್ ಇ (ಎಲ್ಲ ಬಯಾಪ್ಸಿಗೂ ಹಾಕುವ ಸಾಮಾನ್ಯ ಬಣ್ಣ) ಸ್ಲೈಡ್, ಅಷ್ಟೇ. ನಮ್ಮ ಅಭಿಪ್ರಾಯ ಬರೆದ ಮೇಲೆಯೇ ಎಚ್‌ಪಿವಿಯ ಸುಳಿವು ಕೊಡುವ ಪಿ16 ಪ್ರೋಟೀನಿನ ಸ್ಟೇನ್ ತೆರೆದುಕೊಳ್ಳುತ್ತದೆ. ದಿನದ ಕೆಲಸವೂ ಹೀಗೇ ಅಲ್ವಾ? ಎಷ್ಟೋ ಕಡೆ ಫೈಲಿನ ಹೆಸರಿನಲ್ಲೇ ಉತ್ತರ ಇರುತ್ತದೆ, ಕಲಿಯಲು ಏನೂ ಉಳಿಯುವುದಿಲ್ಲ.

ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಎಚ್‌ಪಿವಿ ಕ್ಯಾನ್ಸರ್ ಹೆಚ್ಚಾಗಿ ಕೆರಟಿನ್ ಇಲ್ಲದ, ನೀಲಿ ನೀಲಿಯಾಗಿ ಕಾಣುವ ಸ್ಕ್ವೇಮಸ್ (ಚಪ್ಪಟೆ ಕೋಶಗಳ) ಗಡ್ಡೆ. ಅದನ್ನು ಗುರುತಿಸುವುದು ಕಷ್ಟವಲ್ಲ. ಇಲ್ಲಿರುವವು ಅದರ ವೇಷಗಳು. ಪ್ಯಾಪಿಲರಿ, ಬ್ಯಾಸಲಾಯ್ಡ್, ಅಡಿನೋಸ್ಕ್ವೇಮಸ್, ಸಾರ್ಕೋಮಾ ಅನ್ನಿಸುವಷ್ಟು ಉದ್ದ ಕೋಶಗಳ ಸ್ಪಿಂಡಲ್ ಸೆಲ್, ಎಲ್ಲವೂ ಇವೆ. ಬ್ಯಾಸಲಾಯ್ಡ್ ಬಗ್ಗೆ ಬರೆದ ಟಿಪ್ಪಣಿ ಒಳ್ಳೆಯದು. ಆ ಹೆಸರು ಕೇಳಿದರೇ ನಾವು ಹೆದರುತ್ತೇವೆ. ಆದರೆ ಗಂಟಲಿನಲ್ಲಿ ಎಚ್‌ಪಿವಿಯಿಂದ ಬಂದದ್ದಾದರೆ ರೋಗಿ ಚೆನ್ನಾಗಿ ಚೇತರಿಸಿಕೊಳ್ಳುವ ಸಾಧ್ಯತೆಯೇ ಹೆಚ್ಚು.

ನನಗೆ ಹೆಚ್ಚು ಹಿಡಿಸಿದ್ದು ಸಿಲಿಯಾ (ಕೋಶದ ಮೇಲಿನ ಸೂಕ್ಷ್ಮ ಕೂದಲು) ಇರುವ ಕೇಸ್. ಕತ್ತಿನ ಲಿಂಫ್ ಗ್ರಂಥಿಯಲ್ಲಿ ದ್ರವ ತುಂಬಿದ ಚೀಲ, ಒಳಗೋಡೆಯಲ್ಲಿ ಸಿಲಿಯಾ ಹೊತ್ತ ಕೋಶಗಳು. ಸಿಲಿಯಾ ಕಂಡರೆ ಅಪಾಯ ಇಲ್ಲ ಅಂದುಕೊಳ್ಳುವುದು ನಮ್ಮ ಹಳೆಯ ಅಭ್ಯಾಸ. ಬ್ರಾಂಕಿಯಲ್ ಕ್ಲೆಫ್ಟ್ ಸಿಸ್ಟ್ (ಹುಟ್ಟಿನಿಂದ ಉಳಿದ, ಅಪಾಯವಿಲ್ಲದ ಕತ್ತಿನ ಚೀಲ) ಅಂತ ರಿಪೋರ್ಟ್ ಕೊಟ್ಟುಬಿಟ್ಟರೆ ಟಾನ್ಸಿಲ್‌ನಲ್ಲಿರುವ ಮೂಲ ಗಡ್ಡೆಯನ್ನು ಯಾರೂ ಹುಡುಕುವುದಿಲ್ಲ. ಇಷ್ಟು ಮುಖ್ಯವಾದ ಕೇಸಿನ ಸ್ಕ್ಯಾನ್ ಒಂದೇ ಫೋಕಸ್‌ನಲ್ಲಿದೆ. ಝೂಮ್ ಮಾಡಿದರೆ ಸಿಲಿಯಾ ಮಸುಕು ಮಸುಕು. ಮೈಕ್ರೋಸ್ಕೋಪ್ ಆಗಿದ್ದರೆ ಫೈನ್ ಫೋಕಸ್ ತಿರುಗಿಸಿ ನೋಡುತ್ತಿದ್ದೆವು.

ಮೂಗಿನ ಭಾಗದ ಕೇಸ್‌ಗಳಲ್ಲಿ ಒಂದು ರತ್ನ ಇದೆ. ನೋಡಲು ಲಾಲಾರಸ ಗ್ರಂಥಿಯ ಅಡಿನಾಯ್ಡ್ ಸಿಸ್ಟಿಕ್ ಕ್ಯಾನ್ಸರ್‌ನಂತೆಯೇ. ಆದರೆ ಮೇಲ್ಪದರದ ಕೋಶಗಳೂ ಕೆಟ್ಟಿವೆ, ಆ ಕ್ಯಾನ್ಸರ್‌ನಲ್ಲಿ ಹೆಚ್ಚಾಗಿ ಬದಲಾಗಿರುವ ಎಂವೈಬಿ ಜೀನ್ ಇಲ್ಲಿ ಬದಲಾಗಿಲ್ಲ, ಎಚ್‌ಪಿವಿ ಸಿಕ್ಕಿದೆ. ಅದೂ ಗಂಟಲಿನಲ್ಲಿ ಸಾಮಾನ್ಯವಾದ 16ನೇ ಬಗೆ ಅಲ್ಲ, ಈ ಗಡ್ಡೆಯಲ್ಲಿ ಹೆಚ್ಚಾಗಿ ಕಾಣುವ 33. ರೂಪ ಉಗ್ರ, ನಡತೆ ಅಷ್ಟೇನೂ ಉಗ್ರವಲ್ಲ. ಅದೇ ಜಾಗದಲ್ಲಿ ಮರಳಿ ಬರಬಹುದು, ದೂರಕ್ಕೆ ಹರಡುವುದು ಅಪರೂಪ. 2012ರಲ್ಲಿ ಮೊದಲು ವಿವರಿಸಿದ ಈ ಗಡ್ಡೆಗೆ 2017ರಲ್ಲಿ ಮಲ್ಟಿಫಿನೋಟಿಪಿಕ್ (ಹಲವು ರೂಪ ತೋರುವ) ಅಂತ ಹೊಸ ಹೆಸರು ಬಂತು. ಸಂಗ್ರಹದಲ್ಲಿ ಇನ್ನೂ ಹಳೆಯ ಹೆಸರೇ ಇದೆ. ಹೊಸದಾಗಿ ಕಲಿಯುವವರಿಗೆ ಸುಮ್ನೆ ಗೊಂದಲ.

ಈಗ ನನ್ನ ದೊಡ್ಡ ತಕರಾರು. ಇವರಿಗೆ ಪಿ16 ಮೇಲೆ ನಂಬಿಕೆ ಜಾಸ್ತಿ. ಶೇ 70ಕ್ಕಿಂತ ಕಡಿಮೆಯಿಲ್ಲದಷ್ಟು ಕೋಶಗಳಲ್ಲಿ, ನ್ಯೂಕ್ಲಿಯಸ್ ಮತ್ತು ಸೈಟೋಪ್ಲಾಸಂ ಎರಡರಲ್ಲೂ ಗಾಢವಾಗಿ ಬಂದರೆ ಪಾಸಿಟಿವ್ ಅನ್ನುವ ಲೆಕ್ಕ ಗಂಟಲಿನ ಸ್ಕ್ವೇಮಸ್ ಗಡ್ಡೆಗೆ ಸರಿ. ಸ್ಮಾಲ್ ಸೆಲ್ ನ್ಯೂರೋಎಂಡೋಕ್ರೈನ್ (ಸಣ್ಣ ಕೋಶಗಳ, ಬೇಗ ಹರಡುವ ಬೇರೆ ಬಗೆಯ ಕ್ಯಾನ್ಸರ್) ಕೇಸಿಗೂ ಅದನ್ನೇ ಹಚ್ಚಿ, ಪಿ16 ಪಾಸಿಟಿವ್, ಆದ್ದರಿಂದ ಮುನ್ಸೂಚನೆ ಒಳ್ಳೆಯದು ಅಂತ ಬರೆದಿದ್ದರು. ಎಚ್‌ಪಿವಿಯ ಇ7 ಪ್ರೋಟೀನ್, ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಆರ್‌ಬಿ ಪ್ರೋಟೀನನ್ನು ಕಟ್ಟಿಹಾಕುವುದರಿಂದ ಪಿ16 ಏರುತ್ತದೆ. ಸ್ಮಾಲ್ ಸೆಲ್‌ನಲ್ಲಿ ವೈರಸ್ ಇಲ್ಲದೆಯೇ ಆರ್‌ಬಿ ಕೆಟ್ಟಿರಬಹುದು, ಆಗಲೂ ಪಿ16 ಏರುತ್ತದೆ. ವೈರಸ್ ಇದ್ದರೂ ಈ ಗಡ್ಡೆ ಕೆಟ್ಟದ್ದೇ. ಬರೆದು ತಿಳಿಸಿದೆ, ಟಿಪ್ಪಣಿ ತಿದ್ದಿದರು. ಆದರೆ ಅದೇ ಕೇಸಿನ ಪ್ರಶ್ನೋತ್ತರದಲ್ಲಿ ಹಳೆಯ ಉತ್ತರಕ್ಕೇ ಈಗಲೂ ಅಂಕ ಕೊಡುತ್ತಿದ್ದಾರೆ!

ಎಪ್‌ಸ್ಟೀನ್-ಬಾರ್ ವೈರಸ್‌ಗೆ (ಇಬಿವಿ) ಸೇರಿದ ಮೂಗಿನ ಹಿಂಭಾಗದ ಗಡ್ಡೆಗಳು ನೆಪಕ್ಕೆ ಇವೆ. ಗಡ್ಡೆಯ ಕೋಶಗಳಲ್ಲಿ ಆ ವೈರಸ್‌ನ ಆರ್‌ಎನ್‌ಎ ತೋರಿಸುವ ಇಬಿಇಆರ್ ಪರೀಕ್ಷೆಯ ಚಿತ್ರ ಒಂದೂ ಇಲ್ಲ. ಲಿಂಫೋಸೈಟ್‌ಗಳ ನಡುವೆ ಹುದುಗಿದ ಗಡ್ಡೆ ಎಚ್‌ಪಿವಿಯದೋ ಇಬಿವಿಯದೋ ಅಂತ ಎಚ್ ಆಂಡ್ ಇ ನೋಡಿ ಹೇಳಲಾಗದು, ಆ ಚಿತ್ರ ಇರಲೇಬೇಕಿತ್ತು.

ತಲೆ ಕತ್ತಿನ ರಿಪೋರ್ಟ್‌ಗಳಿಗೆ ತಾವೇ ಸಹಿ ಹಾಕುವವರು ಒಂದು ವರ್ಷಕ್ಕೆ ಕಟ್ಟಬಹುದು. ಪರೀಕ್ಷೆಗೆ ಓದುತ್ತಿರುವವರು ಹಿರಿಯರ ಜೊತೆ ಕೂತು ನೋಡಿ, ಒಬ್ಬರೇ ಬೇಡ. ನಾನು ಸದ್ಯಕ್ಕೆ ಮುಂದುವರಿಸುತ್ತಿಲ್ಲ. ಎಚ್‌ಪಿವಿ ನಿಜಕ್ಕೂ ಸಕ್ರಿಯವಾಗಿದೆಯಾ ಅಂತ ನೇರವಾಗಿ ತೋರಿಸುವ ಇ6/ಇ7 ಆರ್‌ಎನ್‌ಎ ಪರೀಕ್ಷೆಯ ಚಿತ್ರಗಳನ್ನು ಸೇರಿಸುತ್ತೇವೆ ಅಂದಿದ್ದಾರೆ. ಸೇರಿಸಿದ ದಿನ ಮತ್ತೆ ಕಟ್ಟುತ್ತೇನೆ.